ಸಾಲ ಪಡೆದು ಸ್ಥಿರಾಸ್ತಿಯಲ್ಲಿ ಹೂಡಿಕೆ: ಸಣ್ಣ ಹೂಡಿಕೆದಾರರು ಗಮನಿಸಬೇಕಾದ ಅಂಶಗಳು

ವಾಸಕ್ಕೆ ಒಂದು ಮನೆ ಇದ್ದೂ, ಬಾಡಿಗೆ ಅಥವಾ ಮುಂದಿನ ಮಾರಾಟದ ಉದ್ದೇಶದಿಂದ ಇನ್ನೊಂದು ಮನೆಯನ್ನೋ ನಿವೇಶನವನ್ನೋ ಕೊಳ್ಳುವ ಪ್ರವೃತ್ತಿ ಸಂಬಳದಾರರು, ನಿವೃತ್ತರು ಹಾಗೂ ಸಣ್ಣ ವ್ಯಾಪಾರಿಗಳಲ್ಲಿ ಕಂಡುಬರುತ್ತದೆ. ಇಂತಹ ಖರೀದಿಯಲ್ಲಿ ಸಾಲದ ಪಾಲು ದೊಡ್ಡದಾಗಿರುವುದುಂಟು. ಆಸ್ತಿಯ ಬೆಲೆ ಏರುವುದು ನಿರೀಕ್ಷೆ ಮಾತ್ರ. ಮಾಸಿಕ ಕಂತು ಕರಾರಿನಂತೆ ತಪ್ಪದೆ ಪಾವತಿಸಬೇಕಾದ ಹೊಣೆ. ಈ ವ್ಯತ್ಯಾಸವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದ ಕುಟುಂಬಗಳು ವಾಸದ ಮನೆಯನ್ನೂ ಉಳಿತಾಯವನ್ನೂ ಅಪಾಯಕ್ಕೆ ಒಡ್ಡಿಕೊಳ್ಳುವ ಸಂಭವವಿದೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

1. ಸ್ವಂತ ಹಣದ ಅಗತ್ಯ

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಆಸ್ತಿ ಮೌಲ್ಯಕ್ಕೆ ಹೋಲಿಸಿದಾಗ ಗೃಹಸಾಲದ ಗರಿಷ್ಠ ಪ್ರಮಾಣವು ರೂ. 30 ಲಕ್ಷದವರೆಗಿನ ಸಾಲಕ್ಕೆ ಶೇ. 90, ರೂ. 30 ಲಕ್ಷದಿಂದ 75 ಲಕ್ಷದವರೆಗೆ ಶೇ. 80 ಮತ್ತು ಅದಕ್ಕೆ ಮೇಲ್ಪಟ್ಟು ಶೇ. 75 ಆಗಿರುತ್ತದೆ. ರೂ. 50 ಲಕ್ಷ ಬೆಲೆಯ ಮನೆಗೆ ಹೆಚ್ಚೆಂದರೆ ರೂ. 40 ಲಕ್ಷ ಸಾಲ ದೊರೆಯುತ್ತದೆ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕಗಳನ್ನು ಸಾಮಾನ್ಯವಾಗಿ ಈ ಮೌಲ್ಯಕ್ಕೆ ಸೇರಿಸುವಂತಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವು ಶೇ. 1ರಿಂದ ಶೇ. 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಉಪಕರ, ಅಧಿಭಾರಗಳು ಸೇರಿ ಈ ಮನೆಗೆ ಶೇ. 7.6ರಷ್ಟು, ಅಂದರೆ ರೂ. 3.8 ಲಕ್ಷ ವೆಚ್ಚವಾಗುತ್ತದೆ. ಹೀಗೆ ಕೈಯಿಂದ ರೂ. 13.8 ಲಕ್ಷ ಹೊಂದಿಸಬೇಕಾಗುತ್ತದೆ. ಈ ಮೊತ್ತಕ್ಕೂ ಕೈಸಾಲ ಅಥವಾ ವೈಯಕ್ತಿಕ ಸಾಲ ಮಾಡಿದರೆ ಎರಡು ಕಂತುಗಳ ಹೊರೆ ಬೀಳುತ್ತದೆ.

2. ಬಡ್ಡಿ ದರದ ಏರಿಳಿತ

ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ನೀಡುವ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊ ದರದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸಲಾಗಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರೆಪೊ ದರವು ಶೇ. 4ರಿಂದ ಶೇ. 6.5ಕ್ಕೆ ಏರಿತು, 2025ರಲ್ಲಿ ಹಂತ ಹಂತವಾಗಿ ಶೇ. 5.25ಕ್ಕೆ ಇಳಿಯಿತು. ಏರಿಕೆಯ ಪರಿಣಾಮವನ್ನು ಉದಾಹರಣೆಯಿಂದ ಅರಿಯಬಹುದು. ರೂ. 40 ಲಕ್ಷ ಸಾಲಕ್ಕೆ 20 ವರ್ಷಗಳ ಅವಧಿಗೆ ಶೇ. 7ರ ದರದಲ್ಲಿ ಮಾಸಿಕ ಕಂತು ಸುಮಾರು ರೂ. 31,000; ಶೇ. 9.5ರ ದರದಲ್ಲಿ ಸುಮಾರು ರೂ. 37,300. ಬಾಡಿಗೆ ರೂ. 15,000 ಬರುವುದೆಂದು ಭಾವಿಸಿದರೆ, ಸಂಬಳದಿಂದ ಭರಿಸಬೇಕಾದ ಮೊತ್ತವು ರೂ. 16,000ದಿಂದ ರೂ. 22,300ಕ್ಕೆ ಏರುತ್ತದೆ. ಸಾಲದ ಆರಂಭದಲ್ಲೇ ದರ ಹೀಗೆ ಏರಿ, ಕಂತನ್ನು ಹೆಚ್ಚಿಸದಿದ್ದಲ್ಲಿ, ತಿಂಗಳ ಬಡ್ಡಿಯೇ ಸುಮಾರು ರೂ. 31,700 ಆಗುವುದರಿಂದ ಹಳೆಯ ಕಂತಿನಲ್ಲಿ ಅಸಲಿರಲಿ, ಬಡ್ಡಿಯೂ ಪೂರ್ಣವಾಗಿ ತೀರುವುದಿಲ್ಲ. ಈ ಪರಿಸ್ಥಿತಿ ಉಂಟಾಗದಂತೆ ನೋಡಿಕೊಳ್ಳಲು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸಾಲ ನೀಡುವ ಸಂಸ್ಥೆಗಳಿಗೆ ಸೂಚಿಸಿತು.

3. ನಿರ್ಮಾಣ ಹಂತದ ಮನೆಗಳು

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಅನ್ವಯ ಮಾರಾಟ ಕರಾರನ್ನು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಪಡೆಯುವಂತಿಲ್ಲ. ಖರೀದಿದಾರರಿಂದ ಪಡೆದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸತಕ್ಕದ್ದು. ನಿಗದಿತ ದಿನಾಂಕಕ್ಕೆ ಸ್ವಾಧೀನ ನೀಡದಿದ್ದಲ್ಲಿ ಖರೀದಿದಾರರು ಬಡ್ಡಿಸಹಿತ ಹಣ ವಾಪಸು ಕೋರಬಹುದು. ಯೋಜನೆಯಲ್ಲಿಯೇ ಉಳಿದರೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಆದರೆ ಪ್ರಾಧಿಕಾರದಲ್ಲಿ ದೂರು ಬಾಕಿ ಇದೆಯೆಂಬ ಕಾರಣಕ್ಕೆ ಬ್ಯಾಂಕಿನ ಕಂತು ತಾನಾಗಿ ನಿಲ್ಲುವುದಿಲ್ಲ. ಬಾಡಿಗೆಯೂ ಬಾರದ ಆ ಅವಧಿಯೇ ಸಣ್ಣ ಹೂಡಿಕೆದಾರರಿಗೆ ಅತಿ ಕಠಿಣವಾದುದು. ಕಾಮಗಾರಿಯ ಪ್ರಗತಿಗೆ ಅನುಗುಣವಾಗಿಯೇ ಸಾಲದ ಹಣ ಬಿಡುಗಡೆಯಾಗಬೇಕೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಆದ್ದರಿಂದ ಪೂರ್ಣ ಮೊತ್ತದ ಮುಂಗಡ ಬಿಡುಗಡೆಗೆ ಒಪ್ಪಿಗೆ ನೀಡಬಾರದು.

4. ನಿವೇಶನ ಮತ್ತು ದಾಖಲೆಗಳು

ನಿವೇಶನ ಖರೀದಿಗೆ ಗೃಹಸಾಲ ಪಡೆಯುವವರು, ಬ್ಯಾಂಕು ನಿಗದಿಪಡಿಸುವ ಅವಧಿಯೊಳಗೆ ಮನೆ ಕಟ್ಟುವ ಉದ್ದೇಶವಿದೆಯೆಂದು ಘೋಷಣೆ ನೀಡಬೇಕಾಗಿರುತ್ತದೆ. ಭೂಪರಿವರ್ತನೆಯಾಗದ, ಯೋಜನಾ ಪ್ರಾಧಿಕಾರದ ಅನುಮೋದನೆಯಿಲ್ಲದ ಕಂದಾಯ ನಿವೇಶನಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ನೀಡುವುದಿಲ್ಲ. ಬ್ಯಾಂಕು ನಿರಾಕರಿಸಿತೆಂದು ಚಿನ್ನ ಅಡವಿಟ್ಟು, ಚೀಟಿ ಎತ್ತಿ ಅಥವಾ ಕೈಸಾಲ ಮಾಡಿ ಅದೇ ನಿವೇಶನವನ್ನು ಕೊಳ್ಳುವುದು ವಿವೇಕವಲ್ಲ. ನಿರಾಕರಣೆಗೆ ಕಾರಣವನ್ನು ಕೇಳಿ ತಿಳಿಯಬೇಕು. ದಾಖಲೆಯಲ್ಲಿನ ದೋಷವೇ ಕಾರಣವಾಗಿದ್ದಲ್ಲಿ, ಮುಂದೆ ಆ ಆಸ್ತಿಯನ್ನು ಕೊಳ್ಳಬಯಸುವವರಿಗೂ ಬ್ಯಾಂಕು ಸಾಲ ದೊರೆಯದೆ ಮಾರಾಟವೂ ಕಷ್ಟವಾಗುತ್ತದೆ.

ಸಾರಾಂಶ

ಬಾಡಿಗೆ ಬಾರದಿದ್ದರೂ, ಬಡ್ಡಿ ದರ ಶೇ. 2ರಷ್ಟು ಏರಿದರೂ, ಸ್ವಾಧೀನ ಒಂದು ವರ್ಷ ತಡವಾದರೂ ಕಂತು ಕಟ್ಟಲು ಸಾಧ್ಯವೇ ಎಂಬುದನ್ನು ಕುಟುಂಬದ ಆದಾಯದ ಮೇಲೆ ಮೊದಲೇ ಲೆಕ್ಕ ಹಾಕುವುದು ಸೂಕ್ತ. ಸಾಧ್ಯವಿಲ್ಲವಾದಲ್ಲಿ ಕಡಿಮೆ ಬೆಲೆಯ ಆಸ್ತಿಯನ್ನು ಆರಿಸುವುದು ಅಥವಾ ಖರೀದಿಯನ್ನು ಮುಂದೂಡುವುದು ಹಿತಕರ. ಮುಂಗಡ ನೀಡುವ ಮುನ್ನ ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ಪಡೆದು, ನೋಂದಣಿ ಕಡ್ಡಾಯವಿರುವ ಯೋಜನೆಯಾದಲ್ಲಿ ಅದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.