ಬ್ಲ್ಯಾಕ್‌ಮೋರ್ ಹೋದ, ಬ್ಯಾಂಡೂ ಹೋಯ್ತು ಅನ್ನೋರಿಗೆ...

ಡೀಪ್ ಪರ್ಪಲ್ ಮಾತು ಬಂದಾಗಲೆಲ್ಲ ಒಂದೇ ರಾಗ. 1972ರ ‘ಮಶೀನ್ ಹೆಡ್’, ಅದರೊಳಗಿನ ‘ಸ್ಮೋಕ್ ಆನ್ ದ ವಾಟರ್’, ಅಲ್ಲಿಗೆ ಮುಗೀತು, ಆಮೇಲಿನದೆಲ್ಲ ಮುದುಕರ ದುಡ್ಡಿನಾಸೆ! ಈ ತೀರ್ಪು ಕೊಡೋರು ಹೆಚ್ಚಾಗಿ ಬೆಂಗಳೂರಿನ ರಾಕ್ ಪಂಡಿತರು. ನಮ್ಮ ಬಳ್ಳಾರಿಯಲ್ಲಿ ತೀರ್ಪು ಇನ್ನೂ ಚಿಕ್ಕದು: “ಏನಲೇ ಅದು ಒದರಾಟ?” ಎರಡಕ್ಕೂ ಉತ್ತರ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಕೆಲಸದ ಮೇಲೆ ವಾರಕ್ಕೆ ಮೂರು ದಿನ ನಂದು ಬಳ್ಳಾರಿ-ಸಿರುಗುಪ್ಪ ಬಸ್ಸು. ಇಯರ್‌ಫೋನ್ ಸಿಕ್ಕಿಸಿಕೊಂಡು 1968ರ ಮೊದಲ ಆಲ್ಬಂನಿಂದ 2024ರವರೆಗೆ ಬಂದ 23 ಸ್ಟುಡಿಯೋ ಆಲ್ಬಂಗಳನ್ನೂ ಸಾಲಾಗಿ ಕೇಳಿದೆ. ತೆಕ್ಕಲಕೋಟೆ ದಾಟುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ಆಲ್ಬಂ. ಕಾಲೇಜು ದಿನಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು ‘ಬೆಸ್ಟ್ ಆಫ್’ ಕ್ಯಾಸೆಟ್ಟು, ಅದೂ ಯಾರೋ ಬೆಂಗಳೂರಿಂದ ತಂದಿದ್ದರ ಕಾಪಿಯ ಕಾಪಿ. ಈಗ ಮೊಬೈಲಿನಲ್ಲಿ ಅಷ್ಟೂ ಇದೆ. ಆದರೂ ಪಂಡಿತರು 1972ರಲ್ಲೇ ಕೂತಿದ್ದಾರೆ..

ಅವರ ದೊಡ್ಡ ವಾದ ಗಿಟಾರಿನವನದ್ದು. ರಿಚಿ ಬ್ಲ್ಯಾಕ್‌ಮೋರ್ 1993ರ ಕೊನೆಗೆ ಪ್ರವಾಸದ ನಡುವೆಯೇ ಬಿಟ್ಟು ಹೋದ, ಆದ್ದರಿಂದ ಬ್ಯಾಂಡು ಸತ್ತಿತು ಅಂತ. ಕೆಲ ತಿಂಗಳು ಜೋ ಸಾಟ್ರಿಯಾನಿ ಬಂದು ಸಂಭಾಳಿಸಿದ, 1994ರಲ್ಲಿ ಸ್ಟೀವ್ ಮೋರ್ಸ್ ಬಂದ, 1996ರಲ್ಲಿ ‘ಪರ್ಪೆಂಡಿಕ್ಯುಲರ್’ ಬಂತು. ಕೇಳಿದ್ದೀರಾ ಅಂದರೆ ಅರ್ಧ ಜನ ಹೆಸರೇ ಕೇಳಿರೋದಿಲ್ಲ! ಅದರಲ್ಲಿ ‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್’ ಅಂತ ಒಂದು ಹಾಡಿದೆ. ಮೆಲ್ಲಗೆ ಶುರುವಾಗಿ ನಿಧಾನಕ್ಕೆ ಏರುತ್ತೆ. ಇಯಾನ್ ಗಿಲನ್ 25ರ ಹುಡುಗನ ಹಾಗೆ ಕಿರುಚಲು ಹೋಗಿಲ್ಲ, ತನ್ನ ವಯಸ್ಸಿನ ದನಿಯಲ್ಲಿ ಹಾಡಿದ್ದಾನೆ. ಇದೇ ಮೋರ್ಸ್ ಇದ್ದ ತಂಡ 2001ರಲ್ಲಿ ಬೆಂಗಳೂರಿಗೂ ಬಂದು ನುಡಿಸಿ ಹೋಯಿತು. ಆಗ ಅರಮನೆ ಮೈದಾನದಲ್ಲಿ ಕುಣಿದವರೇ ಈಗ ‘ಬ್ಲ್ಯಾಕ್‌ಮೋರ್ ಇಲ್ಲದ ಪರ್ಪಲ್ ಪರ್ಪಲ್ಲೇ ಅಲ್ಲ’ ಅಂತಾರೆ, ಏನು ಹೇಳೋಣ!

ನಮ್ಮ ಕುರುಗೋಡು, ಸಿರುಗುಪ್ಪ ಕಡೆ ಬಯಲಾಟ ನೋಡಿದವರು ಯಾರೂ ಈ ಮಾತಾಡೋದಿಲ್ಲ ಕಣ್ರೀ. ಭೀಮನ ಪಾತ್ರ ಮಾಡೋ ಹಿರಿಯರಿಗೆ ವಯಸ್ಸಾಗುತ್ತೆ, ಮೊಣಕಾಲು ಸೋಲುತ್ತೆ, ಇನ್ನೊಬ್ಬ ಬಣ್ಣ ಹಚ್ಚಿಕೊಳ್ತಾನೆ. ಊರಿನವರು “ಮೊದಲಿನವರಷ್ಟು ಇಲ್ಲ ಬಿಡಪ್ಪ” ಅಂತ ಗೊಣಗ್ತಾರೆ, ಆದರೆ ಬೆಳಗಿನ ಜಾವದ ತನಕ ಕೂತು ನೋಡ್ತಾರೆ. ಯಾಕಂದ್ರೆ ಮದ್ದಳೆ ಅದೇ, ತಾಳ ಅದೇ, ಕಥೆ ಅದೇ. ಡೀಪ್ ಪರ್ಪಲ್‌ನ ಮದ್ದಳೆಯವನು ಇಯಾನ್ ಪೇಯ್ಸ್. 1968ರಿಂದ ಎಲ್ಲ ಆಲ್ಬಂಗಳಲ್ಲೂ ಇರುವವನು ಅವನೊಬ್ಬನೇ. ಗಿಟಾರಿನವನು ಹೋದ ಅಂತ ಅಳುವವರು ಒಮ್ಮೆ ಆ ಡ್ರಮ್ಮಿನ ಕಡೆ ಕಿವಿ ಕೊಡಲಿ.

ಇನ್ನು ‘ಒದರಾಟ’. ಬಳ್ಳಾರಿ ರಾಘವರ ಊರಿನವರು ಈ ಮಾತು ಆಡಬಾರದು! ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವನಿಗೂ ಮುಟ್ಟುವ ಹಾಗೆ ಹಾಡಿದ ಕಂಪನಿ ನಾಟಕದ ಪರಂಪರೆ ನಮ್ಮದು. ಅಲ್ಲಿ ಕಾಲುಪೇಟಿ ಮಾಸ್ತರರು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಜಾನ್ ಲಾರ್ಡ್ ಮಾಡಿದ. ಹ್ಯಾಮಂಡ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ಪೇಟಿಯಿಂದ ಗುಡುಗು ತೆಗೆದ. 1970ರ ‘ಇನ್ ರಾಕ್’ ಆಲ್ಬಂನ ‘ಚೈಲ್ಡ್ ಇನ್ ಟೈಮ್’ ಕೇಳಿ. (ಅದರ ಮೂಲ ಧಾಟಿ ‘ಬಾಂಬೆ ಕಾಲಿಂಗ್’ ಅನ್ನೋ ಇನ್ನೊಂದು ಬ್ಯಾಂಡಿನ ಹಾಡಿನಿಂದ ಬಂದದ್ದು. ಹೆಸರಲ್ಲಾದರೂ ನಮ್ಮ ದೇಶದ ನಂಟಿದೆ :-)) ಲಾರ್ಡ್ 2002ರಲ್ಲಿ ತಂಡ ಬಿಟ್ಟ, 2012ರಲ್ಲಿ ತೀರಿಕೊಂಡ. ಮರುವರ್ಷದ ‘ನೌ ವಾಟ್’ ಆಲ್ಬಂನಲ್ಲಿ ‘ಅನ್‌ಕಾಮನ್ ಮ್ಯಾನ್’ ಅವನಿಗೇ ಅರ್ಪಿಸಿದ ಹಾಡು. ಅದನ್ನು ಕೇಳಿದ ಮೇಲೂ ಇವರು ದುಡ್ಡಿಗಾಗಿ ನುಡಿಸ್ತಾರೆ ಅನ್ನೋರ ಜೊತೆ ನನಗೆ ಮಾತಿಲ್ಲ.

ಆದರೆ ನನ್ನ ನಿಜವಾದ ಸಿಟ್ಟು ನಿಮ್ಮ ಮೇಲೆ, ಬ್ಲಾಗ್ ಮಿತ್ರರೇ. ಬೇಂದ್ರೆ, ಅಡಿಗ, ರಾಜಕುಮಾರ್ ಎಲ್ಲರ ಬಗ್ಗೆ ಚಂದದ ಕನ್ನಡದಲ್ಲಿ ಬರೆಯುವವರು ರಾಕ್ ಅಂದ ತಕ್ಷಣ ಇಂಗ್ಲಿಷಿಗೆ ಜಿಗೀತೀರಿ. ಯಾಕೆ? ಕುರುಗೋಡಿನಲ್ಲಿ ನನ್ನ ಅಕ್ಕನ ಮಗ ಇದ್ದಾನೆ, ಕನ್ನಡ ಮೀಡಿಯಂ. ವಿಡಿಯೋ ನೋಡಿಕೊಂಡೇ ಗಿಟಾರು ಕಲೀತಿದ್ದಾನೆ. ಯಾರು ನುಡಿಸಿದ್ದು, ಯಾಕೆ ಹಾಗೆ ನುಡಿಸಿದ, ಅವನ ಹಿಂದೆ ಯಾರಿದ್ದರು ಅಂತ ಕೇಳ್ತಾನೆ. ಓದೋ ಅಂತ ಕೊಡೋಣ ಅಂದರೆ ಕನ್ನಡದಲ್ಲಿ ನಾಲ್ಕು ಪುಟ ಸಿಗೋದಿಲ್ಲ. ಮನೆಯಲ್ಲಿ “ಅದು ಬೆಂಗಳೂರಿನ ದೊಡ್ಡ ಮಂದಿ ಖಯಾಲಿ, ನಮಗ್ಯಾಕಪ್ಪ” ಅಂತ ಬುದ್ಧಿ ಹೇಳ್ತಾರೆ. ಅವರ ಮಾತನ್ನು ನಿಜ ಮಾಡ್ತಿರೋರು ನಾವು. ‘ರಿಫ್’ ಅನ್ನೋದಕ್ಕೆ ಕನ್ನಡದಲ್ಲಿ ಪದ ಇಲ್ಲ ಅಂತ ನೆಪ ಬೇಡ, ರಿಫ್ ಅಂತಲೇ ಬರೀರಿ. ಬಸ್ಸಿಗೆ ಬಸ್ಸು ಅನ್ನೋದಿಲ್ವಾ?

ಶುರು ಮಾಡೋದಾದರೆ ‘ಇನ್ ರಾಕ್’, 1984ರ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’, ಆಮೇಲೆ ‘ಪರ್ಪೆಂಡಿಕ್ಯುಲರ್’, ಈ ಕ್ರಮದಲ್ಲಿ ಕೇಳಿ. 1990ರ ‘ಸ್ಲೇವ್ಸ್ ಅಂಡ್ ಮಾಸ್ಟರ್ಸ್’ ಬೇಕಾದರೆ ಬಿಡಿ, ಅದರ ಪರವಾಗಿ ಜಗಳಾಡೋಕೆ ನನಗೂ ಮನಸ್ಸಿಲ್ಲ :-)