ಗಂಟೆ ಬಾರಿಸಿದಾಗ



ಮದುವೆಯಾಗಿ ಮೂವತ್ತು ವರ್ಷಗಳ ಮೇಲೆ, ಮಕ್ಕಳ ಒತ್ತಾಯಕ್ಕೆ ನಾವಿಬ್ಬರೇ ಫೋರ್ಟಿನಲ್ಲಿ ಒಂದು ರಾತ್ರಿ ತಂಗಿ ಬಂದೆವು.

ಸಂಜೆ ಓವಲ್ ಮೈದಾನದಲ್ಲಿ ಕುಳಿತಿದ್ದೆವು. ಎದುರಿಗೆ 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರ. ಹಣ ಕೊಟ್ಟ ಪ್ರೇಮಚಂದ್ ರಾಯಚಂದರ ತಾಯಿಯ ಹೆಸರು ಅದಕ್ಕೆ. ಗಂಟೆ ಬಾರಿಸಿತು, ನಮ್ಮವರ ಕಣ್ಣು ತುಂಬಿತು. ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಕಲಿಯುತ್ತಿದ್ದಾಗ ಈ ಗಂಟೆ ಕೇಳಿದರೆ ಊರಿನ ಅಮ್ಮ ನೆನಪಾಗುತ್ತಿದ್ದರಂತೆ. ಇಷ್ಟು ವರ್ಷ ನನಗೂ ಹೇಳಿರಲಿಲ್ಲ.

ಮರುದಿನ ಬಾಗಿಲು ತೆರೆದ ಮಗಳು, "ಪಪ್ಪಾ, ನಿಮಗಾಗಿ ಉಣ್ಣದೆ ಕಾದಿದ್ದೇವೆ" ಎಂದಳು. ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಸಿಗದ ಸುಖ ಆ ಒಂದು ಮಾತಿನಲ್ಲಿ ಸಿಕ್ಕಿತು. ಉಣ್ಣುತ್ತ ಇವರು ಅದೇ ಕಥೆ ಹೇಳಿದರು. ಕೈ ಒಣಗಿದರೂ ಯಾರೂ ಏಳಲಿಲ್ಲ.

ನಿಮ್ಮ ಹೆತ್ತವರನ್ನೂ ಒಮ್ಮೆ ಕಳುಹಿಸಿ. ಮರಳಿದಾಗ ಜೊತೆಗೆ ಕುಳಿತು ಕೇಳಿ.