ಐದನೇ ತರಗತಿಗೇ ಜಾಣರನ್ನು ಆರಿಸಬೇಕೆ?

ಐದನೇ ತರಗತಿಯ ಮಕ್ಕಳಿಗೆ ಪರೀಕ್ಷೆ ಇಟ್ಟು, ಆಯ್ಕೆಯಾದವರನ್ನು ಆರನೇ ತರಗತಿಯಿಂದ ವಸತಿ ಶಾಲೆಯಲ್ಲಿ ಓದಿಸುವುದು ಜವಾಹರ್ ನವೋದಯ ವಿದ್ಯಾಲಯಗಳ ಪದ್ಧತಿ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಮಕ್ಕಳಿಗೆ ಇದರಿಂದ ಒಳಿತಿದೆಯೆ?

ಪರ: ಬಡವರ ಮಗುವಿಗೆ ಇದೇ ಬಾಗಿಲು

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ದುಡಿಮೆ ಬೆಂಗಳೂರಿನ ರೈಲು ಹತ್ತಿತು. ನಸುಕಿಗೇ ಮಾರಿಕುಪ್ಪಂನಲ್ಲಿ ಹೊರಟು ಕತ್ತಲಾದ ಮೇಲೆ ಮರಳುವ ಅಪ್ಪನಿಗೆ ಮಗಳ ಲೆಕ್ಕದ ಚುರುಕು ಕಾಣುವುದು ಯಾವಾಗ? ಕಂಡರೂ ದೊಡ್ಡ ಶಾಲೆಯ ಫೀಸು ಎಲ್ಲಿಂದ ತರುವುದು? ನವೋದಯದಲ್ಲಿ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆಗಳಲ್ಲಿ 40 ಆಕೃತಿ ಹೊಂದಿಸುವ, ಗುಂಪಿಗೆ ಸೇರದ್ದನ್ನು ಗುರುತಿಸುವ ಬಗೆಯವು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇರುವ ಊರಿಗೆ ಮಾತಿನ ಹಂಗಿಲ್ಲದ ಇಂಥ ಪ್ರಶ್ನೆಗಳೇ ನ್ಯಾಯ. ಆಯ್ಕೆಯನ್ನು ಮೇಷ್ಟ್ರಿಗೆ ಬಿಟ್ಟರೆ ಕೈಕಟ್ಟಿ ಕೂತವನೇ ಜಾಣ, ಎದ್ದು ಪ್ರಶ್ನೆ ಕೇಳುವವನು ತಲೆಹರಟೆ.

ಬುದ್ಧಿ ಅಳೆಯುವುದು ಪರದೇಶದ ಚಾಳಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆಯ ಪರೀಕ್ಷೆಯನ್ನು ಧಾರವಾಡದ ವಿ.ವಿ. ಕಾಮತ್ 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು.

ವಿರೋಧ: ಎರಡು ಗಂಟೆಯ ತೀರ್ಪು ಬೇಡ

ಬಿನೆಯ ಹೆಸರು ಬಂದಿದ್ದು ಒಳ್ಳೆಯದೇ ಆಯಿತು. 1905ರಲ್ಲಿ ಆತ ಪರೀಕ್ಷೆ ರೂಪಿಸಿದ್ದು ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಕಂಡುಹಿಡಿದು ನೆರವಾಗಲಿಕ್ಕೆ. ಮುಂದಿರುವವರನ್ನು ಹೆಕ್ಕಿ ಒಯ್ಯಲಿಕ್ಕಲ್ಲ.

ಬಾಗಿಲಂತೂ ಬಲು ಕಿರಿದು. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಹಳ್ಳಿಯವರಿಗೆ. ಶಾಲೆ ನಗರಸಭೆಯ ಎಲ್ಲೆಯೊಳಗಿರುವುದರಿಂದ, ಗಣಿ ಲೈನಿನ ಇಕ್ಕಟ್ಟು ಮನೆಯಲ್ಲಿ ಬೆಳೆದ ಮಗುವೂ ದಾಖಲೆಯಲ್ಲಿ ಪಟ್ಟಣದ ಮಗು. ಉಳಿದ 20 ಸೀಟಿಗೆ ಅದು ಇಡೀ ಜಿಲ್ಲೆಯೊಡನೆ ಸೆಣಸಬೇಕು. ಜ್ವರದಲ್ಲಿ ಬರೆದು ಸೋತರೆ ಮುಗಿಯಿತು, ಮತ್ತೆ ಬರೆಯುವಂತಿಲ್ಲ.

ಆಕೃತಿಯ ಪ್ರಶ್ನೆಗೆ ಮಾತು ಬೇಡ, ಒಪ್ಪೋಣ. ಅಭ್ಯಾಸ ಬೇಡವೆ? ಕೋಚಿಂಗ್‌ನಲ್ಲಿ ಅದೇ ಮಾದರಿಯನ್ನು ತಿದ್ದಿತೀಡಿದ ಮಗುವೂ ಪರೀಕ್ಷೆಯ ದಿನವೇ ಅದನ್ನು ಮೊದಲು ಕಂಡ ಮಗುವೂ ಒಂದೇ ಅಲ್ಲ. ರೈಲಿಗೆ ಓಡುವ ಅಪ್ಪನ ಮಗಳು ಇವರಲ್ಲಿ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನುಳಿದ 40 ಪ್ರಶ್ನೆಗಳಂತೂ ಗಣಿತ ಮತ್ತು ಭಾಷೆಯವೇ.

ಆರಿಸಲೇಬೇಕೆಂದರೆ ಎಂಟನೇ ತರಗತಿಯವರೆಗೆ ತಾಳೋಣ. ಆಗ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಗಳ ಬಡ ಮಕ್ಕಳಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಅದಕ್ಕಾಗಿ ಮಗು ಮನೆ ಬಿಡಬೇಕಿಲ್ಲ. ಊರಿನ ಶಾಲೆಯೂ ತನ್ನ ಚುರುಕು ಮಕ್ಕಳನ್ನು ಕಳೆದುಕೊಳ್ಳಬೇಕಿಲ್ಲ.